ಹಲಗಲಿಯ ಬೀಸುಕಲ್ಲು

ಚರಿತ್ರೆಯ ಪುಸ್ತಕದಲ್ಲಿ ಗೆದ್ದವರಿಗೆ ಒಂದು ತಾರೀಖು ಸಿಗುತ್ತದೆ. ಸೋತವರಿಗೆ ಒಂದು ಸಾಲು ಸಿಕ್ಕರೆ ಅದೇ ಹೆಚ್ಚು. ಕೆರಿಬಿಯನ್ ಸಮುದ್ರದ ಹೈಟಿ ದೇಶಕ್ಕೆ 1804ರ ಜನವರಿ 1 ಎಂಬ ತಾರೀಖು ಸಿಕ್ಕಿತು. ನಮ್ಮ ಅನಗವಾಡಿಯಿಂದ ಬಹಳ ದೂರವಿಲ್ಲದ, ಮುಧೋಳ ಸೀಮೆಯ ಹಲಗಲಿಗೆ ಸಿಕ್ಕಿದ್ದು ಒಂದು ಲಾವಣಿ. ಎಲ್ಲಿಯ ಹೈಟಿ, ಎಲ್ಲಿಯ ಹಲಗಲಿ ಎಂದು ನೀವು ಕೇಳಬಹುದು. ಒಂದು ಸಮುದ್ರದ ನಡುವೆ ಇರುವ ನಾಡು, ಇನ್ನೊಂದು ಕಲ್ಲುಗುಡ್ಡಗಳ ಮಗ್ಗುಲಿನ ಹಳ್ಳಿ. ಆದರೆ ಎರಡೂ ಕಡೆ ಜನ ಸಿಡಿದೆದ್ದದ್ದು ಒಂದೇ ಆಜ್ಞೆಗೆ. ನಿಮ್ಮ ಕೈಯಲ್ಲಿರುವ ಆಯುಧಗಳನ್ನು ತಂದು ಒಪ್ಪಿಸಿ ಎಂಬ ಆಜ್ಞೆ ಅದು.

ಮೊದಲು ಗೆದ್ದವರ ಕತೆಯನ್ನೇ ನೋಡೋಣ. ದೊಡ್ಡದೊಂದು ನಡುಗಡ್ಡೆಯ ಪಡುವಣ ಭಾಗವೇ ಹೈಟಿ. ಆಗ ಅದರ ಹೆಸರು ಸಾಂ ದೊಮಾಂಗ್, ಅದು ಫ್ರೆಂಚರ ವಸಾಹತು. ಯುರೋಪಿನ ಜನರ ಬಟ್ಟಲಿಗೆ ಬೇಕಾದ ಸಕ್ಕರೆ, ಕಾಫಿ ಎರಡೂ ಅಲ್ಲಿಂದ ಹಡಗು ತುಂಬಿ ಹೋಗುತ್ತಿದ್ದವು. ಅವನ್ನು ಬೆಳೆಯುತ್ತಿದ್ದವರು ಆಫ್ರಿಕದಿಂದ ಹಡಗಿನಲ್ಲಿ ತುಂಬಿ ತಂದ ಗುಲಾಮರು ಮತ್ತು ಅವರ ಮಕ್ಕಳು, ಸುಮಾರು 5 ಲಕ್ಷ ಜನ. ಮುಧೋಳ, ಜಮಖಂಡಿಯ ಕಡೆ ಕಬ್ಬು ಕಡಿಯುವ ಕೈಗಳ ಕಷ್ಟ ನಮಗೆ ಗೊತ್ತು. ಅಲ್ಲಿ ಕಬ್ಬಷ್ಟೇ ಅಲ್ಲ, ಕಡಿಯುವ ಕೈಯೂ ಮಾಲಿಕನ ಸೊತ್ತಾಗಿತ್ತು. ತಾಯಿ ಹೆತ್ತ ಕೂಸು ತೊಟ್ಟಿಲಿಗೆ ಬರುವ ಮೊದಲೇ ಮಾಲಿಕನ ಲೆಕ್ಕದ ವಹಿಗೆ ಹೋಗುತ್ತಿತ್ತು.

ಅಂಥ ಒಂದು ಲೆಕ್ಕದ ವಹಿಯಲ್ಲಿ ಹುಟ್ಟಿದವನು ಟೂಸೇಂ ಲೂವೆರ್ತೂರ್. ದನಕರು ನೋಡಿಕೊಂಡ, ಮಾಲಿಕರ ಸಾರೋಟು ಹೊಡೆದ, ಗಿಡಮೂಲಿಕೆಯ ಔಷಧಿ ಬಲ್ಲ, ಓದು ಕಲಿತ. 1791ರ ಆಗಸ್ಟಿನಲ್ಲಿ ಗುಲಾಮರು ಕಬ್ಬಿನ ತೋಟಗಳಿಗೆ ಬೆಂಕಿಯಿಟ್ಟು ಎದ್ದಾಗ ಅವನಿಗೆ ಹೆಚ್ಚು ಕಡಿಮೆ ಐವತ್ತರ ವಯಸ್ಸು. ನಮ್ಮಲ್ಲಾದರೆ ಮೊಮ್ಮಕ್ಕಳನ್ನು ಆಡಿಸುವ ಕಾಲ. ಆ ವಯಸ್ಸಿನಲ್ಲಿ ಅವನು ದಂಡು ಕಟ್ಟಿದ, ಸ್ಪೇನಿನವರನ್ನೂ ಇಂಗ್ಲಿಷರನ್ನೂ ಹಿಮ್ಮೆಟ್ಟಿಸಿದ. 1794ರಲ್ಲಿ ಫ್ರಾನ್ಸು ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಮಾಡಬೇಕಾಯಿತು. 1801ರಲ್ಲಿ ಟೂಸೇಂ ಆ ನಾಡಿಗೆ ಒಂದು ಸಂವಿಧಾನವನ್ನೇ ಕೊಟ್ಟ.

ಇದು ನೆಪೋಲಿಯನ್ನನಿಗೆ ಸಹಿಸಲಿಲ್ಲ. 1801ರ ಕೊನೆಯಲ್ಲಿ ತನ್ನ ತಂಗಿಯ ಗಂಡ ಲೆಕ್ಲೇರ್ ಎಂಬ ಸೇನಾಪತಿಯನ್ನು ದೊಡ್ಡ ದಂಡಿನೊಂದಿಗೆ ಕಳಿಸಿದ. ಅವನಿಗೆ ಕೊಟ್ಟ ಗುಟ್ಟಿನ ಅಪ್ಪಣೆ ಸರಳವಾಗಿತ್ತು: ಮೊದಲು ಮುಖಂಡರನ್ನು ಹಿಡಿ, ಆಮೇಲೆ ಜನರ ಬಂದೂಕು ಕಸಿದುಕೋ. 1802ರ ಜೂನಿನಲ್ಲಿ ಮಾತುಕತೆಗೆಂದು ಕರೆದು ಟೂಸೇಂನನ್ನು ಸೆರೆಹಿಡಿದರು. ಹೆಂಡತಿ ಸುಜಾನ್ ಮತ್ತು ಮಕ್ಕಳನ್ನೂ ಹಡಗೇರಿಸಿ ಫ್ರಾನ್ಸಿಗೆ ಒಯ್ದರು. ಗಂಡ ಹೆಂಡಿರು ಮತ್ತೆ ಮುಖ ನೋಡಲಿಲ್ಲ. ಬಿಸಿಲಿನ ನಾಡಿನ ಆ ಮುದುಕ ಹಿಮ ಬೀಳುವ ಬೆಟ್ಟದ ಕೋಟೆಯೊಂದರಲ್ಲಿ 1803ರ ಏಪ್ರಿಲ್ 7ರಂದು ತೀರಿಕೊಂಡ. ತನ್ನ ನಾಡು ಸ್ವತಂತ್ರವಾದದ್ದನ್ನು ಅವನು ಕಾಣಲಿಲ್ಲ.

ಮುಖಂಡ ಹೋದ, ಇನ್ನು ಬಂದೂಕು ಬರುತ್ತವೆ ಎಂದು ಲೆಕ್ಲೇರ್ ಎಣಿಸಿದ್ದ. ಅಷ್ಟರಲ್ಲಿ ಪಕ್ಕದ ಗ್ವಾದಲೂಪ್ ನಡುಗಡ್ಡೆಯಲ್ಲಿ ಫ್ರೆಂಚರು ಗುಲಾಮಗಿರಿಯನ್ನು ಮತ್ತೆ ತರುತ್ತಿದ್ದಾರೆಂಬ ಸುದ್ದಿ ಬಂತು. ಬಂದೂಕು ಕೇಳುತ್ತಿರುವುದು ಏತಕ್ಕೆ ಎಂದು ಆಗ ಎಲ್ಲರಿಗೂ ತಿಳಿಯಿತು. ಕೊಡದೆ ಗುಡ್ಡ ಹತ್ತಿದವರಲ್ಲಿ ಹೆಂಗಸರೂ ಇದ್ದರು. ಸಾನಿತ್ ಬೆಲೇರ್ ಎಂಬಾಕೆ ದಂಡಿನಲ್ಲಿ ಅಧಿಕಾರಿಯೇ ಆಗಿದ್ದಳು. 1802ರ ಅಕ್ಟೋಬರಿನಲ್ಲಿ ಅವಳನ್ನೂ ಅವಳ ಗಂಡನನ್ನೂ ಒಂದೇ ದಿನ ಕೊಂದರು. ಹೈಟಿಯ 10 ಗೂರ್ದ್ ನೋಟಿನ ಮೇಲೆ 2004ರಲ್ಲಿ ಅವಳ ಚಿತ್ರ ಬಂತು. ಲೆಕ್ಲೇರ್ ಹಳದಿ ಜ್ವರಕ್ಕೆ ಬಲಿಯಾದ, ಅವನ ಸಾವಿರಾರು ಸಿಪಾಯಿಗಳೂ ಹಾಗೆಯೇ ಹೋದರು. ಟೂಸೇಂನ ಕೈಕೆಳಗೆ ಪಳಗಿದ ದೆಸಾಲೀನ್ ಉಳಿದವರನ್ನು ಸೋಲಿಸಿ 1804ರ ಹೊಸ ವರ್ಷದ ದಿನ ಸ್ವಾತಂತ್ರ್ಯ ಸಾರಿದ.

ಅಲ್ಲಿಂದ 53 ವರ್ಷ ಮುಂದೆ, ನಮ್ಮ ಕಡೆಗೆ ಬರೋಣ. ಉತ್ತರದಲ್ಲಿ ಸಿಪಾಯಿಗಳು ದಂಗೆ ಎದ್ದದ್ದು 1857ರ ಮೇ ತಿಂಗಳಲ್ಲಿ. ಹೆದರಿದ ಕಂಪನಿ ಸರಕಾರ ಅದೇ ವರ್ಷ ಶಸ್ತ್ರ ಕಾಯ್ದೆ ತಂದಿತು. ಪರವಾನಗಿ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳುವಂತಿಲ್ಲ, ಇದ್ದದ್ದನ್ನು ಸರಕಾರಕ್ಕೆ ಒಪ್ಪಿಸಬೇಕು. ಹಲಗಲಿ ಆಗ ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನದ ಹಳ್ಳಿ. ಆಳುವವರು ದೇಶೀಯರಾದರೂ ಅವರ ಮೇಲೆ ಇಂಗ್ಲಿಷರ ಹಿಡಿತವಿತ್ತು. ಕಾಯ್ದೆ ಸಂಸ್ಥಾನದೊಳಕ್ಕೂ ಬಂತು.

ಹಲಗಲಿಯ ಬೇಡರಿಗೆ ಆಯುಧವೆಂದರೆ ಗೋಡೆಗೆ ತೂಗುಹಾಕುವ ಅಲಂಕಾರವಲ್ಲ. ಬೇಟೆ ಅವರ ಹಿಡಿ ಅನ್ನ. ಆ ಕುರುಚಲು ಗುಡ್ಡಗಳಲ್ಲಿ ಈಗಲೂ ಚಿಂಕಾರ ಜಿಂಕೆಗಳಿವೆ, ಯಡಹಳ್ಳಿಯ ಸುತ್ತ ಅವಕ್ಕೆಂದೇ ಒಂದು ವನ್ಯಜೀವಿಧಾಮವಿದೆ. ಊರ ಕಾವಲು, ಬೆಳೆಯ ಕಾವಲು, ದಂಡಿನ ಚಾಕರಿ ಎಲ್ಲದಕ್ಕೂ ಆಯುಧವೇ ಬಂಡವಾಳ. ಅದನ್ನು ಕೊಟ್ಟು ಬಂದರೆ ಸಂಜೆ ಒಲೆಯ ಮೇಲೆ ಏನಿಡುವುದು? ಮಾನದ ಪ್ರಶ್ನೆ ಎಂದು ಪುಸ್ತಕಗಳು ಬರೆಯುತ್ತವೆ, ಸರಿಯೇ. ಆದರೆ ಬಡವರ ಮನೆಯಲ್ಲಿ ಮಾನವೂ ಅನ್ನವೂ ಒಂದೇ ಗಡಿಗೆಯಲ್ಲಿ ಇರುತ್ತವೆ ಎಂಬುದನ್ನು ಅಡುಗೆ ಮಾಡುವವರು ಬಲ್ಲರು.

ಹಣಮ, ಬಾಲ, ಜಡಗ, ರಾಮ ಎಂಬ ನಾಲ್ವರ ಮುಂದಾಳುತನದಲ್ಲಿ ಹಲಗಲಿ ಇಲ್ಲವೆಂದಿತು. ಹೇಳಲು ಬಂದ ಕಾರಕೂನ ಕಪಾಳಕ್ಕೆ ಏಟು ತಿಂದದ್ದನ್ನು ಲಾವಣಿ ಖುಷಿಯಿಂದಲೇ ಹೇಳುತ್ತದೆ. ಆ ಖುಷಿ ಬಹಳ ದಿನ ಉಳಿಯಲಿಲ್ಲ. ನವೆಂಬರ್ ಕೊನೆಯಲ್ಲಿ ಕುದುರೆ ದಂಡು ಬಂದು ಊರನ್ನು ಮುತ್ತಿತು. ರಾತ್ರಿ ಬೆಂಕಿ ಬಿತ್ತು. ನೂರರ ಸುಮಾರು ಜನ ಸತ್ತರು, ಸುಮಾರು 290 ಜನ ಸೆರೆಯಾದರು. ಅವರಲ್ಲಿ 13 ಜನರನ್ನು ಡಿಸೆಂಬರ್ 11ರಂದು ಮುಧೋಳದಲ್ಲಿ ಗಲ್ಲಿಗೇರಿಸಿದರು. ಇನ್ನು 6 ಜನರನ್ನು ಡಿಸೆಂಬರ್ 14ರಂದು ಹಲಗಲಿಗೇ ತಂದು, ಅವರ ಹೆಂಡಿರು ಮಕ್ಕಳಿದ್ದ ಊರಿನಲ್ಲೇ ನೇಣಿಗೆ ಹಾಕಿದರು. ನೋಡಿದವರು ಮತ್ತೆ ತಲೆಯೆತ್ತಬಾರದು ಎಂಬುದೇ ಅದರ ಉದ್ದೇಶ.

ಹೈಟಿ ಗೆದ್ದದ್ದು, ಹಲಗಲಿ ಸೋತದ್ದು ಏಕೆ? ಧೈರ್ಯದಲ್ಲಿ ಕಡಿಮೆಯಾಗಿ ಅಲ್ಲ. ಅವರಿಗೆ ಸುತ್ತಲೂ ಸಮುದ್ರವಿತ್ತು. ಶತ್ರುವಿನ ದಂಡು ತಿಂಗಳುಗಟ್ಟಲೆ ಹಡಗಿನಲ್ಲಿ ಬರಬೇಕು, ಬಂದರೆ ಜ್ವರ ಕಾದಿರುತ್ತಿತ್ತು. ಅವರು ಲಕ್ಷಗಟ್ಟಲೆ ಜನ, ಹತ್ತು ವರ್ಷ ಯುದ್ಧದಲ್ಲಿ ಪಳಗಿದ್ದರು. ಹಲಗಲಿಯೂ ಒಂದು ನಡುಗಡ್ಡೆಯೇ. ಆದರೆ ಅದರ ಸುತ್ತ ಇದ್ದ ಸಮುದ್ರ ಇಂಗ್ಲಿಷರದ್ದು. ಯಾವ ದಿಕ್ಕಿಗೆ ಓಡಿದರೂ ಅವರ ಕುದುರೆ, ಅವರ ಠಾಣ್ಯ, ಅವರಿಗೆ ತಲೆಬಾಗಿದ ಸಂಸ್ಥಾನಗಳು. ಮರುವರ್ಷ ನರಗುಂದದ ಬಾಬಾಸಾಹೇಬರು ಎದ್ದರು, ಮುಂಡರಗಿಯ ಭೀಮರಾಯರು ಎದ್ದರು. ಒಬ್ಬೊಬ್ಬರೂ ಒಂದೊಂದು ನಡುಗಡ್ಡೆಯಾಗಿಯೇ ಮುಳುಗಿದರು.

ಆದರೂ ಹಲಗಲಿ ಮರೆತುಹೋಗಲಿಲ್ಲ, ಲಾವಣಿ ಉಳಿಯಿತು. ಕುರ್ತಕೋಟಿಯ ಕಲ್ಮೇಶನ ಹೆಸರು ಅದರ ಕೊನೆಯಲ್ಲಿ ಬರುತ್ತದೆ. ಅದನ್ನು ಸಂಗ್ರಹಿಸಿ 1880ರ ದಶಕದಲ್ಲಿ ಅಚ್ಚು ಹಾಕಿಸಿದವರು ಜೆ. ಎಫ್. ಫ್ಲೀಟ್. ಯಾವ ಸರಕಾರ ಹಲಗಲಿಯನ್ನು ಸುಟ್ಟಿತೋ ಅದೇ ಸರಕಾರದ ಅಧಿಕಾರಿ ಅವರು, ನಮ್ಮ ಶಾಸನಗಳನ್ನು ಓದಿದ ವಿದ್ವಾಂಸರೂ ಹೌದು. ಎಂಥ ವಿಚಿತ್ರ ನೋಡಿ!

ಹತ್ತನೆಯ ತರಗತಿಯ ಕನ್ನಡ ಪುಸ್ತಕದಲ್ಲಿ ಈ ಲಾವಣಿ ಪಾಠವಾಗಿ ಬಂದಾಗ ನನ್ನ ತಂಗಿಯ ಮಗಳು ಅದನ್ನು ಗಟ್ಟಿಯಾಗಿ ಓದಿ ಬಾಯಿಪಾಠ ಮಾಡುತ್ತಿದ್ದಳು. ಅವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೇಳುತ್ತಿದ್ದಳು. ಕುದುರೆ, ಗುಂಡು, ಕತ್ತಿ ಬಂದಾಗ ಸುಮ್ಮನಿದ್ದವಳು ಕೊನೆಗೆ ದಂಡು ಲೂಟಿ ಮಾಡಿದ ಸಾಮಾನುಗಳ ಪಟ್ಟಿ ಬಂದಾಗ ಮರ ಕೆಳಗಿಟ್ಟಳು. ಬೆಣ್ಣೆ, ಉಪ್ಪು, ಅರಿಷಿಣ, ಊಟದ ಗಂಗಾಳ, ಮಂಗಳಸೂತ್ರ, ಬೀಸುಕಲ್ಲು, ಹೀಗೆ ಮನೆಯೊಳಗಿನದೆಲ್ಲ ಆ ಪಟ್ಟಿಯಲ್ಲಿದೆ.

"ಅಲ್ಲವ್ವಾ, ಬೆಳ್ಳಿ ಬಂಗಾರ ಒಯ್ಯೂದು ತಿಳಿತೈತಿ. ಬೀಸೂಕಲ್ಲು ಯಾಕ ಒಯ್ದರು? ಅದನ್ನ ಹೊತಗೊಂಡು ಎಷ್ಟು ದೂರ ಹೋದಾರು?" ಎಂದು ಕೇಳಿದಳು.

"ಅದನ್ನ ಪರೀಕ್ಷಾದಾಗ ಕೇಳೂದಿಲ್ಲ, ಆಯಿ" ಎಂದು ಹುಡುಗಿ ಮುಂದಿನ ಸಾಲಿಗೆ ಹೋದಳು.

ಪರೀಕ್ಷೆಯಲ್ಲಿ ಕೇಳುವುದು ನಾಲ್ವರು ವೀರರ ಹೆಸರು, ಕಾಯ್ದೆಯ ಹೆಸರು. ಅವ್ವ ಕೇಳಿದ್ದು ಚರಿತ್ರೆಯ ಪ್ರಶ್ನೆ. ಬೀಸುಕಲ್ಲು ಮಾರಿದರೆ ಎಷ್ಟು ಬಂದೀತು? ಆದರೆ ಅದಿಲ್ಲದ ಮನೆಯಲ್ಲಿ ನಾಳೆ ಹಿಟ್ಟಿಲ್ಲ, ಹಿಟ್ಟಿಲ್ಲದೆ ರೊಟ್ಟಿಯಿಲ್ಲ, ರೊಟ್ಟಿಯಿಲ್ಲದ ಊರಿಗೆ ಓಡಿಹೋದವರು ತಿರುಗಿ ಬರುವುದಿಲ್ಲ. ಆಯುಧ ಕಸಿದುಕೊಂಡರೆ ಗಂಡಸಿನ ಕೈ ಬರಿದಾಗುತ್ತದೆ, ಬೀಸುಕಲ್ಲು ಹೋದರೆ ಮನೆಯೇ ನಿಂತುಹೋಗುತ್ತದೆ. ಲಾವಣಿ ಕಟ್ಟಿದವನಿಗೆ ಇದು ತಿಳಿದಿತ್ತು. ಸತ್ತವರ ಜೊತೆಗೆ ಉಪ್ಪನ್ನೂ ಅರಿಷಿಣವನ್ನೂ ಎಣಿಸಿದ ಅವನು ನನಗೆ ದೊಡ್ಡ ಚರಿತ್ರೆಕಾರನಾಗಿ ಕಾಣುತ್ತಾನೆ.

ನಮ್ಮ ಕಡೆಯ ಹೆಂಗಸರಿಗೆ ಇಂಥ ಪಟ್ಟಿ ಬೇಗ ಅರ್ಥವಾಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಆಲಮಟ್ಟಿಯ ಹಿನ್ನೀರು ಕೃಷ್ಣೆ, ಘಟಪ್ರಭೆಯರ ದಂಡೆಯ ಎಷ್ಟೋ ಊರುಗಳನ್ನು ಎಬ್ಬಿಸಿತು. ಅಣೆಕಟ್ಟನ್ನು ದಂಡಿಗೆ ಹೋಲಿಸುವ ಮಾತಲ್ಲ ಇದು. ನೀರು ಬಂದದ್ದರಿಂದ ಎಷ್ಟೋ ಹೊಲ ಹಸಿರಾದವು. ಆದರೆ ಮನೆ ಬಿಡುವಾಗ ಗೋಡೆ, ಬಾಗಿಲು, ಬೇವಿನ ಮರಗಳ ಲೆಕ್ಕ ಕಾಗದದಲ್ಲಿ ಬಂತು. ಒಲೆಯ ಗೂಡು, ನಾಲ್ಕು ತಲೆಮಾರಿನ ಹೆಣ್ಣುಮಕ್ಕಳು ಅರೆದು ಕುಟ್ಟಿ ನುಣುಪಾಗಿಸಿದ ಒರಳು ಯಾವ ಕಾಗದಕ್ಕೂ ಬರಲಿಲ್ಲ. ಗಾಡಿಯಲ್ಲಿ ಜಾಗವಿಲ್ಲದಿದ್ದರೂ ಬೀಸುಕಲ್ಲನ್ನು ಮೊದಲು ಹೇರಿಸಿದ ಮುದುಕಿಯರನ್ನು ನಾನು ಕಂಡಿದ್ದೇನೆ. ಗಿರಣಿ ಬಂದು ಎಷ್ಟು ಕಾಲವಾಗಿತ್ತು, ಆದರೂ ಬಿಡಲಿಲ್ಲ.

ಇನ್ನು ಗೆದ್ದವರ ಮನೆಯ ಕತೆ. ಹೈಟಿಯ ಜನ ಗೆದ್ದು 21 ವರ್ಷಗಳ ಮೇಲೆ, 1825ರಲ್ಲಿ, ಫ್ರಾನ್ಸು ಯುದ್ಧದ ಹಡಗುಗಳನ್ನು ತಂದು ನಿಲ್ಲಿಸಿ ಪರಿಹಾರ ಕೇಳಿತು: ನಮ್ಮ ತೋಟ ಹೋದವು, ಗುಲಾಮರು ಹೋದರು, 15 ಕೋಟಿ ಫ್ರಾಂಕ್ ಕೊಟ್ಟರೆ ನಿಮ್ಮ ಸ್ವಾತಂತ್ರ್ಯ ಒಪ್ಪುತ್ತೇವೆ! ಗುಲಾಮರಾಗಿದ್ದವರೇ ತಮ್ಮ ಮೈಯ ಬೆಲೆಯನ್ನು ಮಾಲಿಕರಿಗೆ ತೆರಬೇಕಾಯಿತು. 1838ರಲ್ಲಿ ಆ ಮೊತ್ತವನ್ನು 9 ಕೋಟಿಗೆ ಇಳಿಸಿದರು. ಅದಕ್ಕಾಗಿ ಮಾಡಿದ ಸಾಲ ಇಪ್ಪತ್ತನೆಯ ಶತಮಾನದವರೆಗೂ ಹರಿಯಲಿಲ್ಲ. ಕಾಫಿಯ ಮೇಲೆ ತೆರಿಗೆ ಬಿತ್ತು, ಕಾಫಿ ಬೆಳೆಯುವವರ ಗಂಗಾಳ ಬರಿದಾಯಿತು. ಸೋತ ಹಲಗಲಿಯ ಬೀಸುಕಲ್ಲನ್ನು ಒಂದೇ ದಿನದಲ್ಲಿ ಒಯ್ದರು, ಗೆದ್ದ ಹೈಟಿಯದನ್ನು ನೂರು ವರ್ಷ ಒತ್ತೆಯಿಟ್ಟುಕೊಂಡರು.

ಹಾಗಾದರೆ ಎದ್ದು ನಿಂತದ್ದು ವ್ಯರ್ಥವೆ? ನನಗೆ ಹಾಗೆ ಅನಿಸುವುದಿಲ್ಲ. ಹೈಟಿಯ ಮಗು ಮತ್ತೆ ಲೆಕ್ಕದ ವಹಿಯಲ್ಲಿ ಹುಟ್ಟಲಿಲ್ಲ. ಇಲ್ಲಿ 1947ರಲ್ಲಿ ಇಂಗ್ಲಿಷರು ಹೋದರು, 1948ರಲ್ಲಿ ಮುಧೋಳ, ಜಮಖಂಡಿ ಸಂಸ್ಥಾನಗಳು ಭಾರತದಲ್ಲಿ ಸೇರಿದವು, ಹಲಗಲಿಯ ಮೊಮ್ಮಕ್ಕಳು ಮತ ಹಾಕಿದರು. ಆದರೆ ಸ್ವಾತಂತ್ರ್ಯವನ್ನು ಅಳೆಯುವಾಗ ಬಾವುಟ ಏರಿಸಿದ ತಾರೀಖಿನ ಜೊತೆ ಮನೆಯೊಳಗಿನ ಪಟ್ಟಿಯನ್ನೂ ಹಿಡಿದು ಅಳೆಯಬೇಕು. ಒಲೆ ಉರಿಯುತ್ತಿದೆಯೆ, ಬೀಸುವ ಕಾಳು ಇದೆಯೆ, ಕೂಸು ನಮ್ಮದೆ? ಟೂಸೇಂ ಕತ್ತಿ ಹಿಡಿದದ್ದೂ ಜಡಗ ಕತ್ತಿ ಕೊಡದೆ ನಿಂತದ್ದೂ ಇಷ್ಟಕ್ಕಾಗಿಯೇ.

ಒಂದು ಕೊರತೆ ಮಾತ್ರ ನನ್ನನ್ನು ಕಾಡುತ್ತದೆ. ನಮ್ಮ ನಾಡಿನಲ್ಲಿ ಹೆಂಗಸರು ಹಾಡು ಕಟ್ಟಿದ್ದು ಬೀಸುಕಲ್ಲಿನ ಮುಂದೆ. ನಸುಕಿನಲ್ಲಿ ಗೂಟ ಹಿಡಿದು ತವರನ್ನೂ ತಮ್ಮನನ್ನೂ ಸತ್ತವರನ್ನೂ ಹಾಡುತ್ತ ಬೀಸಿದರು. ಹಲಗಲಿಯನ್ನು ಹಾಡಿದ್ದು ಡಪ್ಪು ಹಿಡಿದ ಗಂಡಸರು. ಆ ಡಿಸೆಂಬರಿನಲ್ಲಿ ಊರೊಳಗೇ ನೇಣು ಕಂಡ ಹೆಣ್ಣುಮಕ್ಕಳು ಏನು ಹಾಡಿದರೋ ನಮ್ಮ ಪುಸ್ತಕಕ್ಕೆ ಬರಲಿಲ್ಲ. ನಿಮ್ಮ ಮನೆಯಲ್ಲಿ ಬೀಸುವ ಪದ ಬಲ್ಲ ಹಿರಿಯರು ಇನ್ನೂ ಇದ್ದರೆ ಅವರ ಬಾಯಲ್ಲಿದ್ದದ್ದನ್ನು ಈ ವಾರವೇ ಬರೆದಿಟ್ಟುಕೊಳ್ಳಿ. ಯಾರ ಹಾಡಿನಲ್ಲಿ ಯಾವ ಊರಿನ ಚರಿತ್ರೆ ಅಡಗಿದೆಯೋ, ಯಾರು ಬಲ್ಲರು?