ಒಣಗಿದ ಹೊಲದಿಂದ ಪಿಎಚ್‌ಡಿವರೆಗೆ

ಇವತ್ತಿನ ಕಥೆ ಅಮೆರಿಕದ ಅಯೋವಾದ್ದು. 1936ರ ಬರದಲ್ಲಿ ಎವೆರೆಟ್ ರೋಜರ್ಸ್ ಎಂಬ ಹುಡುಗನ ಅಪ್ಪನ ಮೆಕ್ಕೆಜೋಳ ಒಣಗಿಹೋಯ್ತು. ನೆರೆಯವರ ಹೈಬ್ರಿಡ್ ಬೆಳೆ ಮಾತ್ರ ತಡೆದು ನಿಂತಿತ್ತು. ಹೊಸ ಬೀಜದ ವಿಷಯ ಗೊತ್ತಿದ್ದೂ ಅಪ್ಪ ವರ್ಷಗಟ್ಟಲೆ ಬೇಡ ಅಂದಿದ್ರು.

ಯಾಕೆ? 1943ರಲ್ಲಿ ಬ್ರೈಸ್ ರಯಾನ್, ನೀಲ್ ಗ್ರಾಸ್ ಅದೇ ರಾಜ್ಯದ 259 ರೈತರ ಅಧ್ಯಯನ ಪ್ರಕಟಿಸಿದರು. ಸುದ್ದಿ ತಂದವರು ಹೆಚ್ಚಾಗಿ ಬೀಜ ಮಾರುವವರು. ನಂಬಿಕೆ ಹುಟ್ಟಿಸಿದವರು ನೆರೆಹೊರೆಯವರು. ಇದೇ ಜಾಡು ಹಿಡಿದ ರೋಜರ್ಸ್ 1957ರಲ್ಲಿ ಪಿಎಚ್‌ಡಿ ಮುಗಿಸಿ, 1962ರಲ್ಲಿ ‘ಡಿಫ್ಯೂಷನ್ ಆಫ್ ಇನ್ನೊವೇಷನ್ಸ್’ ಪುಸ್ತಕ ತಂದರು.

ಕೃಷಿ ವಿಸ್ತರಣೆಯಲ್ಲಿ ಪಿಎಚ್‌ಡಿ ಮಾಡ್ತಿರೋ ನನಗೆ ಇದರಿಂದ ಸಿಕ್ಕಿದ್ದು ಒಂದು ಪ್ರಶ್ನೆ. ‘ರೈತರು ಯಾಕೆ ಮಾತು ಕೇಳಲ್ಲ’ ಅನ್ನೋ ಮೊದಲು, ಬೆಳೆ ಕೈಕೊಟ್ಟರೆ ಸಾಲ ತೀರಿಸೋರು ಯಾರು?