ಜಾಬರ್‌ನಿಂದ ಎಚ್.ಆರ್. ತನಕ

ಎಚ್.ಆರ್. ಅಂದರೆ ಇಂಟರ್‌ವ್ಯೂ ಮಾಡಿ ಕೆಲಸ ಕೊಡುವವರು, ಬೇಡವಾದಾಗ ತೆಗೆಯುವವರು ಎಂದು ನಮ್ಮ ಬಗದಲ್ ಕಡೆ ಎಷ್ಟೋ ಜನ ತಿಳಿದಿದ್ದಾರೆ. ಆದರೆ ಈ ಓದು ಹುಟ್ಟಿದ್ದೇ ಬೇರೆ ಕಾರಣಕ್ಕೆ.

ನೂರು ವರ್ಷದ ಹಿಂದೆ ಮುಂಬೈ ಬಟ್ಟೆ ಗಿರಣಿಗಳಲ್ಲಿ ಕೆಲಸ ಕೊಡುವವನೂ ಬಿಡಿಸುವವನೂ ಜಾಬರ್. ನಮ್ಮಲ್ಲಿ ಕಬ್ಬು ಕಡಿಯುವ ಗ್ಯಾಂಗಿಗೆ ಮುಕಾದಮ ಇದ್ದಹಾಗೆ. ಕೆಲಸ ಬೇಕೆಂದರೆ ಅವನ ಕೈ ಬೆಚ್ಚಗೆ ಮಾಡಬೇಕಿತ್ತು. ಈ ಅಧಿಕಾರ ಜಾಬರ್‌ಗೆ ಬೇಡ, ಕಾರ್ಮಿಕ ಅಧಿಕಾರಿಗಳನ್ನು ನೇಮಿಸಿ ಎಂದು 1931ರಲ್ಲಿ ವ್ಹಿಟ್ಲಿ ಆಯೋಗ ಹೇಳಿತು.

1936ರಲ್ಲಿ ದೊರಾಬ್ಜಿ ಟಾಟಾ ಟ್ರಸ್ಟ್ ಮುಂಬೈಯಲ್ಲಿ ಸಮಾಜಕಾರ್ಯದ ಶಾಲೆ ತೆರೆಯಿತು. ಅದೇ ಇಂದಿನ ಟಿಸ್. ಮಾನವ ಸಂಪನ್ಮೂಲ ಮತ್ತು ಕಾರ್ಮಿಕ ಸಂಬಂಧದ ಎಂ.ಎ.ಗೆ ಅದು ದೇಶದಲ್ಲೇ ಹೆಸರುವಾಸಿ.

1948ರ ಸೆಪ್ಟೆಂಬರ್ 17ಕ್ಕೆ ಬೀದರ್ ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾಯಿತು. ಆರೇ ದಿನಕ್ಕೆ, 23ರಂದು, ದಿಲ್ಲಿಯಲ್ಲಿ ಕಾರ್ಖಾನೆ ಕಾಯ್ದೆಗೆ ಅಂಕಿತ ಬಿತ್ತು. ನಮಗೆ ಅದು ಅನ್ವಯವಾದದ್ದು ಆಮೇಲೆ. ಅದರ 49ನೇ ಕಲಂ ಪ್ರಕಾರ 500 ಕಾರ್ಮಿಕರಿದ್ದರೆ ಕಲ್ಯಾಣಾಧಿಕಾರಿ ಕಡ್ಡಾಯ. 2020ರ ಸಂಹಿತೆ ಇದನ್ನು 250ಕ್ಕೆ ಇಳಿಸಿದೆ. ಈ ಡಿಗ್ರಿಗೆ ಬೆಲೆ ತಂದದ್ದು ಇಂಥ ಕಾನೂನು.

ಆದರೆ ಈ ಕಾನೂನು ಸಕ್ಕರೆ ಕಾರ್ಖಾನೆಯ ಗೇಟಿನೊಳಗೆ ಮಾತ್ರ. ಹೊಲದಲ್ಲಿ ಕಬ್ಬು ಕಡಿಯುವವರು ಗೇಟಿನ ಹೊರಗೆ. ಅವರ ಮುಂಗಡ, ಕೂಲಿ, ಲೆಕ್ಕ ಎಲ್ಲ ಇನ್ನೂ ಮುಕಾದಮನ ವಹಿಯಲ್ಲೇ ಇದೆ. ಜಾಬರ್ ಹೋದ, ಮುಕಾದಮ ಉಳಿದ.

ಈ ಡಿಗ್ರಿ ಓದಲು ಹೊರಡುವ ನಮ್ಮೂರ ಮಕ್ಕಳು ಮೊದಲು ಆ ವಹಿಯನ್ನೇ ಓದಲಿ ಎನ್ನುತ್ತೇವೆ. ಗೇಟಿನ ಹೊರಗಿನವರಿಗೂ ಒಬ್ಬ ಅಧಿಕಾರಿ ಬೇಕೆಂದು ಕೇಳಬೇಕಾದವರು ಅವರೇ.