ಮೋಟಾರಿನ ಕಂಠ

ಕಳೆದ ದಸರಾ ರಜೆಯಲ್ಲಿ ಪಂಪನನ್ನೂ ರನ್ನನನ್ನೂ ಕಪಾಟಿನಲ್ಲಿ ಭದ್ರವಾಗಿಟ್ಟು, ಮೂರು ದಿನ ತಿರುಪುಳಿ ಹಿಡಿದುಕೊಂಡು ನಾನು ಮೋಟಾರಿನ ಅಡಿಯಲ್ಲಿ ಮಲಗಿದ್ದೆ. ಕನ್ನಡದ ಮೇಷ್ಟರಿಗೆ ಈ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ನನ್ನ ಮನೆಯವರೂ ಅದನ್ನೇ ಕೇಳಿದರು.

ನಮ್ಮ ಮನೆಯ ಅಂಬಾಸಿಡರ್ ವಯಸ್ಸಿನಲ್ಲಿ ನನಗಿಂತ ಹಿರಿದು. ತಂದೆಯವರು ಅದನ್ನು ಕೊಂಡಾಗಲೇ ಅದು ಇನ್ನೊಬ್ಬರ ಕೈ ಕಂಡಿತ್ತು. ಅದರ ಡ್ಯಾಶ್ ಬೋರ್ಡಿನಲ್ಲಿ ಒಂದು ರೇಡಿಯೋ, ಅದರ ಕೆಳಗೆ ಐದಂಗುಲದ ಒಂದು ಸ್ಪೀಕರು. ಎಷ್ಟೋ ವರ್ಷಗಳಿಂದ ಎರಡೂ ಮೌನವಾಗಿದ್ದವು. ಈಗ ಎಂಬತ್ತೆರಡು ದಾಟಿರುವ ತಂದೆಯವರು ಒಂದು ಸಂಜೆ, "ಗಾಡೀನ ಯಾರಿಗಾದರೂ ಕೊಟ್ಟುಬಿಡೋಣ ಕಣೋ. ಅದಕ್ಕೆ ಮುಂಚೆ ಒಂದು ಸಲ ಅದರಲ್ಲಿ ವಾರ್ತೆ ಕೇಳಬೇಕು" ಎಂದರು. ಅವರು ಏನನ್ನಾದರೂ ಬೇಕೆಂದು ಕೇಳುವುದೇ ಅಪರೂಪ. ನಾನು ಒಪ್ಪಿಕೊಂಡೆ.

ಅವರ ಮಾತಿನ ಹಿಂದೆ ಏನಿದೆಯೆಂದು ನನಗೆ ಗೊತ್ತಿತ್ತು. 1991ರ ಮೇ 22ರ ಬೆಳಗ್ಗೆ ನಾವು ಹಾಸನದಿಂದ ಮೈಸೂರಿಗೆ ಬರುತ್ತಿದ್ದೆವು. ಹಿಂದಿನ ರಾತ್ರಿ ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಗಿತ್ತು. ಚನ್ನರಾಯಪಟ್ಟಣದ ಬಳಿ ತಂದೆಯವರು ಗಾಡಿ ನಿಲ್ಲಿಸಿ, ನಾಲ್ಕು ಬಾಗಿಲನ್ನೂ ತೆರೆದು, ರೇಡಿಯೋ ದೊಡ್ಡದು ಮಾಡಿದರು. ಹೊಲಕ್ಕೆ ಹೊರಟಿದ್ದವರು ನೇಗಿಲು ಇಳಿಸಿ ಬಂದರು, ಹಾಲಿನ ಕ್ಯಾನಿನವರು ಸೈಕಲ್ ಒರಗಿಸಿ ಬಂದರು. ಯಾರೂ ಮಾತಾಡಲಿಲ್ಲ. ಆ ಐದಂಗುಲದ ಕಾಗದದ ಬುಟ್ಟಿಯೊಂದೇ ಮಾತಾಡುತ್ತಿತ್ತು.

ಈ ಕಾಗದದ ಬುಟ್ಟಿಗೆ ಒಂದು ಚರಿತ್ರೆ ಇದೆ. ಅಯಸ್ಕಾಂತದ ನಡುವೆ ತಂತಿಯ ಸುರುಳಿಯನ್ನಿಟ್ಟು, ಅದರಲ್ಲಿ ವಿದ್ಯುತ್ತು ಹರಿದಾಗ ಸುರುಳಿ ಅಲುಗಾಡುವಂತೆ ಮಾಡುವ ಉಪಾಯಕ್ಕೆ ಜರ್ಮನಿಯ ವರ್ನರ್ ಸೀಮನ್ಸ್ 1874ರಲ್ಲೇ ಪೇಟೆಂಟು ಪಡೆದ. ಇಂಗ್ಲೆಂಡಿನ ಆಲಿವರ್ ಲಾಡ್ಜ್ 1898ರಲ್ಲಿ ಅದೇ ತತ್ವದ ಧ್ವನಿವರ್ಧಕಕ್ಕೆ ಪೇಟೆಂಟು ಪಡೆದ. ಕ್ಯಾಲಿಫೋರ್ನಿಯಾದಲ್ಲಿ ಪೀಟರ್ ಜೆನ್ಸನ್, ಎಡ್ವಿನ್ ಪ್ರಿಡಂ ಎಂಬಿಬ್ಬರು 1915ರಲ್ಲಿ ಅದಕ್ಕೆ ಕಹಳೆ ಜೋಡಿಸಿ 'ಮ್ಯಾಗ್ನವಾಕ್ಸ್' ಎಂದು ಕರೆದರು. ಲ್ಯಾಟಿನ್ನಿನಲ್ಲಿ ಅದರ ಅರ್ಥ 'ಮಹಾಧ್ವನಿ'. ಕಹಳೆಯ ಬದಲು ಕಾಗದದ ಶಂಕುವನ್ನೇ ನೇರವಾಗಿ ನುಡಿಸುವ, ನಾವಿಂದು ಕಾಣುವ ರೂಪವನ್ನು ಅಮೆರಿಕೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ವಿವರಿಸಿದರು. ಹೀಗೆ ಉಪಾಯ ಹುಟ್ಟಿ, ಅದು ಸರಿಯಾದ ಕಂಠವಾಗಲು ಐವತ್ತು ವರ್ಷ ಹಿಡಿಯಿತು.

ಮೋಟಾರಿನೊಳಗೆ ಅದನ್ನು ಕೂಡಿಸುವುದು ಬೇರೆಯೇ ಒಂದು ಸಾಹಸ. 1930ರಲ್ಲಿ ಷಿಕಾಗೋದ ಪಾಲ್ ಗಾಲ್ವಿನ್ ತನ್ನ ಸ್ಟುಡಿಬೇಕರ್ ಕಾರಿನಲ್ಲಿ ರೇಡಿಯೋ ಕೂಡಿಸಿಕೊಂಡು ಅಟ್ಲಾಂಟಿಕ್ ಸಿಟಿಯಲ್ಲಿ ನಡೆಯುತ್ತಿದ್ದ ರೇಡಿಯೋ ತಯಾರಕರ ಸಮ್ಮೇಳನಕ್ಕೆ ಹೋದ. ಅಲ್ಲಿ ಮಳಿಗೆ ಹಿಡಿಯಲು ಅವನ ಬಳಿ ಹಣವಿರಲಿಲ್ಲ. ಕಾರನ್ನು ಹೊರಗೆ ನಿಲ್ಲಿಸಿ, ಹೋಗಿಬರುವವರಿಗೆ ಕೇಳುವಂತೆ ಗಟ್ಟಿಯಾಗಿ ಹಾಕಿದ. ಬೇಡಿಕೆ ಬಂದಿತು. 'ಮೋಟರೋಲಾ' ಎಂಬ ಹೆಸರು ಹುಟ್ಟಿದ್ದು ಆಗಲೇ. ಅದರ ಬೆಲೆ ನೂರು ಡಾಲರು ಮೀರಿತ್ತು. ಆಗ ಐನೂರು ಚಿಲ್ಲರೆ ಡಾಲರಿಗೆ ಫೋರ್ಡ್ ಕಾರೇ ಬರುತ್ತಿತ್ತು. ಎರಡು ವರ್ಷದ ಮೇಲೆ, 1932ರಲ್ಲಿ, ಜರ್ಮನಿಯಲ್ಲಿ ಬ್ಲಾಪುಂಕ್ಟ್ ತಯಾರಿಸಿದ ಕಾರು ರೇಡಿಯೋ ಹದಿನೈದು ಕಿಲೋ ತೂಗುತ್ತಿತ್ತು. ಇಂಜಿನ್ನಿನ ಕಿಡಿಗಳೆಲ್ಲ ರೇಡಿಯೋದಲ್ಲಿ ಚಟಪಟ ಎನ್ನುತ್ತಿದ್ದವು. ಕವಾಟಗಳಿಗೆ ಬೇಕಾದ ಹೆಚ್ಚಿನ ವೋಲ್ಟೇಜನ್ನು ಕಾರಿನ ಬ್ಯಾಟರಿಯಿಂದ ಹೊರಡಿಸುವುದೇ ಒಂದು ತಲೆನೋವಾಗಿತ್ತು. ಚಾಲಕನ ಗಮನ ಕೆಡುತ್ತದೆ, ಕಾರಿನಲ್ಲಿ ರೇಡಿಯೋ ಕೂಡದು ಎಂಬ ಕೂಗೂ ಅಮೆರಿಕೆಯಲ್ಲಿ ಎದ್ದಿತ್ತು. ಇಂದು ಮೊಬೈಲಿನ ಬಗ್ಗೆ ನಾವಾಡುವ ಮಾತೇ ಅಲ್ಲವೆ? 1955ರಲ್ಲಿ ಕ್ರೈಸ್ಲರ್ ಕಾರುಗಳಿಗೆ ಕವಾಟಗಳೇ ಇಲ್ಲದ, ಪೂರಾ ಟ್ರಾನ್ಸಿಸ್ಟರಿನ ರೇಡಿಯೋ ಬಂದ ಮೇಲೆ ದಾರಿ ಸುಗಮವಾಯಿತು.

ನಮ್ಮ ಮೈಸೂರೂ ಆ ಕಾಲದಲ್ಲಿ ಸುಮ್ಮನಿರಲಿಲ್ಲ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಅದಕ್ಕೆ 'ಆಕಾಶವಾಣಿ' ಎಂದು ಹೆಸರಾಯಿತು, ಮುಂದೆ ಅದೇ ಹೆಸರು ಇಡೀ ದೇಶದ ಬಾನುಲಿಗೆ ನಿಂತಿತು. ಮೇಷ್ಟರುಗಳು ಇಂಥ ಉಸಾಬರಿಗೆ ಕೈ ಹಾಕುವುದು ಹೊಸತಲ್ಲವೆಂದು ಇದನ್ನು ನೆನೆದೇ ನಾನು ಧೈರ್ಯ ತಂದುಕೊಂಡೆ. ಆ ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸೂ ಬೇಕಿತ್ತು, ಅದನ್ನು ಅಂಚೆಕಚೇರಿಯಲ್ಲಿ ಪಡೆಯಬೇಕಿತ್ತು. ತಂದೆಯವರ ಟ್ರಂಕಿನಲ್ಲಿ ಆ ಪುಸ್ತಕ ಇನ್ನೂ ಇದೆ.

ಇರಲಿ, ಕೆಲಸಕ್ಕೆ ಬರೋಣ. ಮೊದಲು ಬ್ಯಾಟರಿಯ ತಂತಿ ಬಿಚ್ಚಿದೆ. ಬ್ರಿಟಿಷ್ ಮಾದರಿಯ ಹಳೆಯ ಕಾರುಗಳು ಹಲವದರಲ್ಲಿ ಬ್ಯಾಟರಿಯ ಧನಾಗ್ರವೇ ಗಾಡಿಯ ಮೈಗೆ ಸೇರಿರುತ್ತಿತ್ತು. ಇದನ್ನು ತಿಳಿಯದೆ ಕೈ ಹಾಕಿದರೆ ರೇಡಿಯೋ ಸುಟ್ಟೀತು. ನೋಡಿಕೊಂಡೆ, ನಮ್ಮದರಲ್ಲಿ ಋಣಾಗ್ರ. ತುಕ್ಕು ಹಿಡಿದ ನಾಲ್ಕು ಸ್ಕ್ರೂಗಳಿಗೆ ಎಣ್ಣೆ ಬಿಟ್ಟು ಒಂದು ರಾತ್ರಿ ಕಾದೆ. ಸ್ಪೀಕರು ಕೈಗೆ ಬಂದಾಗ ಕಾಗದದ ಅರ್ಧ ಇಲಿಯ ಪಾಲಾಗಿತ್ತು. ಮೀಟರು ಹಚ್ಚಿದರೆ ಮುಳ್ಳು ಅಲುಗಲಿಲ್ಲ. ಒಳಗಿನ ಸುರುಳಿಯೂ ತುಂಡಾಗಿತ್ತು. ಬೆನ್ನಿನ ಮೇಲೆ 'ನಾಲ್ಕು ಓಂ' ಎಂಬ ಮುದ್ರೆ ಮಾತ್ರ ಉಳಿದಿತ್ತು. ಅದು ದೊಡ್ಡ ಉಪಕಾರ. ಈ ಅಂಕಿ ತೀರ ಕಡಿಮೆಯಾದರೆ ರೇಡಿಯೋದ ಟ್ರಾನ್ಸಿಸ್ಟರು ಮಿತಿಮೀರಿ ಕಾಯುತ್ತದೆ. ಹೆಚ್ಚಾದರೆ ಧ್ವನಿ ಕುಗ್ಗುತ್ತದೆ. ಅಂಗಡಿಯಿಂದ ಅದೇ ನಾಲ್ಕು ಓಮಿನ, ಆದರೆ ಅಳತೆಯಲ್ಲಿ ತುಸು ಚಿಕ್ಕದಾದ ಸ್ಪೀಕರು ತಂದು, ಒಂದೂವರೆ ವೋಲ್ಟಿನ ಸೆಲ್ಲು ತಾಗಿಸಿದೆ. 'ಟಪ್' ಎಂದಿತು. ಜೀವವಿದೆ.

ಆದರೆ ಸ್ಕ್ರೂ ತೂತುಗಳು ಹೊಂದಲಿಲ್ಲ. ನನ್ನ ಮಗ, "ಅಪ್ಪಾ, ಡ್ಯಾಶ್ ಬೋರ್ಡ್ ಕತ್ತರಿಸಿ ದೊಡ್ಡ ಸೆಟ್ಟೇ ಹಾಕಿಬಿಡೋಣ" ಎಂದ. ಸಲಹೆ ಸುಲಭದ್ದೆ. ಆದರೆ ಓಲೆಗರಿಯ ಪ್ರತಿಗಳೊಡನೆ ವರ್ಷಗಟ್ಟಲೆ ಒಡನಾಡಿದವನಿಗೆ ಕೈ ಬರಲಿಲ್ಲ. ಗರಿಯಲ್ಲಿ ಅಕ್ಷರ ಲೋಪವಾಗಿದ್ದರೆ ಸಂಪಾದಕ ತನ್ನ ಊಹೆಯನ್ನು ಅಡಿಟಿಪ್ಪಣಿಯಲ್ಲಿ ಬರೆಯುತ್ತಾನೆ, ಗರಿಯನ್ನೇ ಕೊರೆಯುವುದಿಲ್ಲ. ನಾಳೆ ಬರುವವನಿಗೆ ಹೆಚ್ಚು ತಿಳಿದಿರಬಹುದು. ಪ್ಲೈವುಡ್ಡಿನ ಒಂದು ಬಳೆ ಕೊಯ್ಯಿಸಿ, ಅದನ್ನು ಹಳೆಯ ನಾಲ್ಕು ತೂತುಗಳಿಗೂ ಹೊಸ ಸ್ಪೀಕರನ್ನು ಅದಕ್ಕೂ ಬಿಗಿದೆ. ಗಾಡಿಗೆ ಒಂದು ಹೊಸ ತೂತೂ ಬೀಳಲಿಲ್ಲ.

ಮೂರನೆಯ ದಿನ ಸಂಜೆ ತಂದೆಯವರನ್ನು ಮುಂದಿನ ಸೀಟಿನಲ್ಲಿ ಕೂಡಿಸಿ ಗುಂಡಿ ತಿರುಗಿಸಿದೆ. ಗೊರಗೊರ ಸದ್ದಿನ ನಡುವೆ ಬೆಂಗಳೂರು ಕೇಂದ್ರ ಸಿಕ್ಕಿತು. ವಾರ್ತೆಯಲ್ಲಿ ವಿಶೇಷವೇನೂ ಇರಲಿಲ್ಲ. ಮಳೆಯ ಸುದ್ದಿ, ಜಲಾಶಯದ ಮಟ್ಟ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ, "ಧ್ವನಿ ಬೇರೆಯಾಯಿತಲ್ಲೋ" ಎಂದರು. ನನಗೆ ಪಿಚ್ಚೆನಿಸಿತು. "ಹೌದಪ್ಪ, ಹಳೆಯದು ಹೋಗಿತ್ತು" ಎಂದೆ.

"ಹೋಗಲಿ ಬಿಡು. ಅವತ್ತು ಈ ಧ್ವನಿ ಕೇಳಿ ಅತ್ತಿದ್ದೆವು. ಇವತ್ತು ಮಳೆ ಅಂತಿದೆ, ಒಳ್ಳೆಯದೇ ಆಯಿತು" ಎಂದು ಬಾಗಿಲು ತೆರೆದು ನಿಧಾನವಾಗಿ ಇಳಿದರು. ಎರಡು ಹೆಜ್ಜೆ ಹೋಗಿ ತಿರುಗಿ, "ಹಳೇದನ್ನ ಎಸೀಬೇಡ" ಎಂದರು.

ಎಸೆದಿಲ್ಲ. ಇಲಿ ತಿಂದ ಆ ಬುಟ್ಟಿಯನ್ನು ತೆಗೆದ ದಿನಾಂಕದೊಡನೆ ಕಟ್ಟಿ, ಲೈಸೆನ್ಸ್ ಪುಸ್ತಕದ ಪಕ್ಕದಲ್ಲೇ ಇಟ್ಟಿದ್ದೇನೆ. ಗಾಡಿಯನ್ನು ಕೊಡುವ ಮಾತು ಸದ್ಯಕ್ಕೆ ಯಾರೂ ಎತ್ತಿಲ್ಲ.